ಮೊಳೆ ಹೊಡೆಯುವಂತಿಲ್ಲ

ಬೇಲೂರಲ್ಲಿ ಮನೆ ಹುಡುಕಿದ್ದು ಆಷಾಢದಲ್ಲಿ,
ಯಾರೂ ಮನೆ ಬದಲಿಸದ ತಿಂಗಳಲ್ಲಿ.
ವರ್ಗದ ಆದೇಶಕ್ಕೆ ಪಂಚಾಂಗ ಗೊತ್ತಿಲ್ಲ.

ಜೆರಾಕ್ಸ್ ಅಂಗಡಿಯ ಧರಣೇಂದ್ರ ತೋರಿಸಿದ್ದು ಮೂರು ಮನೆ.
ಮೂರರಲ್ಲೂ ನೀರಿನ ಮಾತು, ಕರೆಂಟಿನ ಮಾತು,
ಕೊನೆಗೆ ಬಾಗಿಲಿಗೊರಗಿಕೊಂಡು ಅದೇ ಪ್ರಶ್ನೆ:
‘ತಾವು ಯಾವ ಜನ?’
ತಾಲ್ಲೂಕು ಆಸ್ಪತ್ರೆ ಲ್ಯಾಬಿನವಳು, ಅಂದೆ.
‘ಅದಲ್ಲ, ಅಂದರೆ...’
ಓ ಪಾಸಿಟಿವ್, ಅಂದೆ ಮೂರನೇ ಮನೆಯಲ್ಲಿ, ಸುಸ್ತಾಗಿ.
ಹೇಳಿ ಕಳಿಸ್ತೀವಿ ಅಂದರು.
ಇನ್ನೂ ಹೇಳಿ ಕಳಿಸುತ್ತಲೇ ಇದ್ದಾರೆ.

ನಾಲ್ಕನೆಯದು ದೇವಸ್ಥಾನದ ಗೋಡೆಯ ಹಿಂದಿನ ಬೀದಿ,
ಕೆಳಗೆ ಸಿದ್ಧಲಿಂಗಾಚಾರ್ ಕೆತ್ತನೆ, ಮೇಲೆ ಒಂದೂವರೆ ಕೋಣೆ.
ಅವರು ಕೇಳಿದ್ದು ಒಂದೇ:
‘ಬೆಳಿಗ್ಗೆ ಆರಕ್ಕೆ ಉಳಿ ಶುರು. ನಿದ್ದೆ ಹೇಗೆ ನಿಮ್ಮದು?’
ವಾರಕ್ಕೆ ಎರಡು ನೈಟ್ ಡ್ಯೂಟಿ, ಅಂದೆ.
‘ಹಂಗಾದರೆ ಕಷ್ಟ’ ಅನ್ನುತ್ತ ಬೀಗದ ಕೈ ಕೊಟ್ಟರು.

ಹನ್ನೊಂದು ತಿಂಗಳ ಕರಾರು, ಛಾಪಾ ಕಾಗದ,
ಅಡ್ವಾನ್ಸು ನಲವತ್ತು ಸಾವಿರ, ಬಾಡಿಗೆ ಐದೂವರೆ,
ಟೈಪು ಮುಗಿದ ಮೇಲೆ ಕೈಯಲ್ಲಿ ಬರೆದ ಏಳನೇ ಷರತ್ತು:
ಗೋಡೆಗೆ ಮೊಳೆ ಹೊಡೆಯುವಂತಿಲ್ಲ.

ಓದಿ ನಕ್ಕೆ. ಉಳಿಯ ಏಟು ತಿಂದೇ
ಹೆಸರು ಮಾಡಿದ ಊರಲ್ಲಿ!
ಆಚಾರ್ ನಗಲಿಲ್ಲ.
‘ಅದು ಕಲ್ಲಮ್ಮ. ಇದು ನಮ್ಮಪ್ಪ ಎಬ್ಬಿಸಿದ ಮಣ್ಣಿನ ಗೋಡೆ.’

ಬಳಪದ ಕಲ್ಲಿನ ಪುಡಿಯೇ ಈ ಬೀದಿಯ ಹವಾಮಾನ.
ಒಣಹಾಕಿದ ಏಪ್ರನ್ ಮೇಲೆ, ಮೊಸರಿನ ಕೆನೆ ಮೇಲೆ,
ಎದುರು ಮನೆ ಓಲಗದ ಹುಡುಗ
ವಾರದಿಂದ ಹಿಡಿಯಲು ಹೆಣಗುತ್ತಿರುವ
ಆ ಒಂದು ಸ್ವರದ ಮೇಲೂ.
ನಾಲಿಗೆಗೆ ತಾಗಿದರೆ ಒಂದನೇ ಕ್ಲಾಸು,
ಕದ್ದು ತಿಂದ ಬಳಪದ್ದೇ ತಂಪು.

ಕನ್ನಡಿಯನ್ನು ಕಿಟಕಿಯ ಕಟ್ಟೆ ಮೇಲೆ ಒರಗಿಸಿಟ್ಟೆ.
ತಲೆ ಬಾಚಬೇಕೆಂದರೆ ಮಂಡಿ ತುಸು ಮಡಿಸಿ,
ಸೊಂಟ ಎಡಕ್ಕೆ, ಕತ್ತು ಬಲಕ್ಕೆ.
ಒಂದು ದಿನ ಕೆಳಗೆ ಅಂಗಡಿ ಮುಂದೆ ಗೈಡು,
ಯಾವುದೋ ಬೊಂಬೆ ಎತ್ತಿ ಹಿಡಿದು:
‘ಗಮನಿಸಿ, ದೇಹಕ್ಕೆ ಮೂರು ಬಾಗು, ಕೈಯಲ್ಲಿ ಕನ್ನಡಿ,
ಏನು ಒಯ್ಯಾರ, ಏನು ಕಲ್ಪನೆ!’
ಕಲ್ಪನೆಯಲ್ಲ ಮಾರಾಯ, ಅಂದುಕೊಂಡೆ, ಕ್ಲಿಪ್ಪು ಹಲ್ಲಲ್ಲಿ ಕಚ್ಚಿ.
ಅವಳ ಓನರೂ ಮೊಳೆ ಬೇಡ ಅಂದಿರಬೇಕು.

ಕಾರ್ತಿಕದಲ್ಲಿ ಆಚಾರ್ ಕೆಮ್ಮು ಮಹಡಿ ಹತ್ತಿತು.
ಕಫದ ಡಬ್ಬಿ ನಾನೇ ಒಯ್ದೆ, ನಾನೇ ನೋಡಿದೆ.
ನೆಗೆಟಿವ್. ಬರೀ ಧೂಳು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.
‘ಊದದೆ ಹೋದರೆ ಕಣ್ಣು ಕಾಣಲ್ಲವಲ್ಲಮ್ಮ’ ಅಂದರು,
ಯಾರ ಕಣ್ಣು ಅಂತ ಹೇಳಲಿಲ್ಲ.

ಬಾಡಿಗೆ ಕೊಡಲು ಇಳಿದ ಒಂದು ಸಂಜೆ ಕೇಳಿದೆ,
ಆವತ್ತು ಕೆತ್ತಿದವರು ಎಲ್ಲಿ ಉಳಿದಿದ್ದರು?
ನೂರೈವತ್ತು ರೂಪಾಯಿಯ ಆನೆಗೆ ಕಿವಿ ಉಜ್ಜುತ್ತಿದ್ದರು.
‘ಪರಊರವರೂ ಇದ್ದರಂತೆ. ಯಾರ ಜಗಲಿಯೋ, ಯಾರ ಕೊಟ್ಟಿಗೆಯೋ.
ಪಾದದ ಕೆಳಗೆ ಹೆಸರು ಕೆತ್ತಿದಾರೆ, ಅಪ್ಪನ ಹೆಸರು, ಬಿರುದು, ಊರು.
ಬಾಡಿಗೆ ಎಷ್ಟು ಅಂತ ಯಾರೂ ಕೆತ್ತಿಲ್ಲ.’
ನನ್ನ ನೋಟುಗಳನ್ನು ಎಣಿಸಿದರು. ಎರಡು ಸಲ.

ಹನ್ನೊಂದು ತಿಂಗಳು ತುಂಬಿತು.
ಹೊಸ ಕರಾರು, ಐನೂರು ಹೆಚ್ಚು,
ಏಳನೇ ಷರತ್ತು ಈ ಸಲ ಟೈಪಿನಲ್ಲೇ.
ಸಹಿ ಒಣಗುವ ಮೊದಲು ಆಚಾರ್ ಮೇಲೆ ಬಂದರು,
ಸಣ್ಣ ಉಳಿ, ಒಂದು ಮೊಳೆ.
ಬೆರಳಗಂಟಿನಿಂದ ಗೋಡೆ ತಟ್ಟುತ್ತ, ಕಿವಿಯಿಟ್ಟು,
‘ಇಲ್ಲಿ ಬೇಡ ಅಂತಿದೆ... ಇಲ್ಲೂ ಬೇಡ... ಹ್ಞಾ.’
ತಿರುಗಿ ನನ್ನ ಕಡೆ: ‘ಕನ್ನಡಿ ಎಷ್ಟೆತ್ತರಕ್ಕೆ? ನೆಟ್ಟಗೆ ನಿಲ್ಲಿ, ನೋಡೋಣ.’

ನಿಂತೆ.
ಒಂದು ಕಣ್ಣು ಮುಚ್ಚಿ ಅಳೆದರು, ತಲೆಯಾಡಿಸಿದರು.
‘ಇನ್ನೂ ಬಾಗಿದೀರಿ.’